ಸಿಪಾಯಿಯ ಮನೆಯವರಿಗೆ ಒಂದು ದಿನದ ಕವಾಯತು



ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಊರುಗಳ ಸುತ್ತಿನ ಹಳ್ಳಿಗಳಲ್ಲಿ ‘ಮಿಲಿಟರಿಯವರ ಮನಿ’ ಎಂದು ಜನ ಗುರುತಿಸುವ ಮನೆಗಳನ್ನು ನೀವು ನೋಡಿರುತ್ತೀರಿ. ನಿಮ್ಮಲ್ಲಿ ಕೆಲವರ ಮನೆಯೇ ಅಂಥದ್ದಾಗಿರಬಹುದು. ಗಡಿಯಲ್ಲಿರುವ ಮಗನೋ ಅಣ್ಣನೋ ಗಂಡನೋ ಫೋನು ಮಾಡಿದಾಗ ಆ ಮನೆಯಲ್ಲಿ ನಡೆಯುವ ಮಾತು ಬಹಳ ಚಿಕ್ಕದು. ‘ಆರಾಮ ಅದೀಯೇನಪಾ?’ ‘ಆರಾಮ ಅದೀನಿ. ನೀವು ಆರಾಮ ಅದೀರಿಲ್ಲೋ?’ ‘ನಾವೂ ಆರಾಮ.’ ಇಷ್ಟಾದ ಮೇಲೆ ಮಳೆಯ ಮಾತು, ಬೆಳೆಯ ಮಾತು, ಮಕ್ಕಳ ಪರೀಕ್ಷೆಯ ಮಾತು. ಆ ತುದಿಯಲ್ಲಿರುವವನು ತನ್ನ ಕಷ್ಟ ಹೇಳುವುದಿಲ್ಲ. ಈ ತುದಿಯಲ್ಲಿರುವವರೂ ಹೇಳುವುದಿಲ್ಲ. ಒಬ್ಬರ ಚಿಂತೆ ಇನ್ನೊಬ್ಬರಿಗೆ ತಗಲಬಾರದು ಎಂಬುದು ಇಬ್ಬರ ಎಣಿಕೆ. ಹೀಗೆ ಹತ್ತು ಹದಿನೈದು ವರ್ಷ ಕಳೆದರೂ ಒಬ್ಬರ ದಿನ ಹೇಗೆ ಸಾಗುತ್ತದೆ ಎಂಬುದು ಇನ್ನೊಬ್ಬರಿಗೆ ಸರಿಯಾಗಿ ತಿಳಿಯದೇ ಉಳಿಯುತ್ತದೆ.

ಈ ಗೋಡೆಯಲ್ಲಿ ಒಂದು ಸಣ್ಣ ಕಿಟಕಿ ತೆರೆಯುವ ಪ್ರಯತ್ನವೊಂದು ಹೊರದೇಶದಲ್ಲಿ ನಡೆದು ಬಂದಿದೆ. ಸೈನಿಕರ ಸಂಗಾತಿಗಳು ಒಂದು ದಿನದ ಮಟ್ಟಿಗೆ ತಾವೇ ಸೈನಿಕ ತರಬೇತಿ ಪಡೆದು ನೋಡುವುದು. ಅದು ಏನು, ಅದರಿಂದ ತಿಳಿಯುವುದೇನು, ತಿಳಿಯಲಾರದ್ದೇನು ಎಂಬುದೇ ಇಂದಿನ ಮಾತು.

ಹೊರದೇಶದ ರೂಢಿ

ಅಮೆರಿಕದ ‘ಮರೀನ್’ ಪಡೆಯ ನೆಲೆಗಳಲ್ಲಿ ಈ ದಿನವನ್ನು ‘ಜೇನ್ ವೇಯ್ನ್ ಡೇ’ ಎಂದು ಕರೆಯುತ್ತಾರೆ. ಸಿನಿಮಾಗಳಲ್ಲಿ ಸೈನಿಕನ ಪಾತ್ರಗಳಿಂದಲೂ ಹೆಸರಾಗಿದ್ದ ನಟ ಜಾನ್ ವೇಯ್ನ್. ಅವನ ಹೆಸರಿಗೆ ಹೆಣ್ಣುಮಗಳ ಹೆಸರು ಜೋಡಿಸಿ ಮಾಡಿದ ತಮಾಷೆಯ ಮಾತು ಇದು. ಭೂಸೈನ್ಯದ ಕೆಲವು ನೆಲೆಗಳಲ್ಲಿ ‘ಜಿ.ಐ. ಜೇನ್ ಡೇ’ ಎಂಬ ಹೆಸರೂ ಇದೆ. ಆ ದಿನ ಮಡದಿಯರು ಬೆಳಿಗ್ಗೆಯೇ ನೆಲೆಗೆ ಬರುತ್ತಾರೆ. ಹೆಂಡತಿ ಸೈನ್ಯದಲ್ಲಿದ್ದರೆ ಗಂಡಂದಿರೂ ಬರುತ್ತಾರೆ. ಮುಖಕ್ಕೆ ಹಸಿರು-ಕಪ್ಪು ಬಣ್ಣ ಬಳಿದುಕೊಳ್ಳುವುದು, ಅಡೆತಡೆಗಳ ಓಟ, ಸೈನ್ಯದ ವಾಹನದಲ್ಲಿ ಸವಾರಿ, ತರಬೇತುದಾರರ ಕಣ್ಗಾವಲಿನಲ್ಲಿ ಬಂದೂಕಿನ ಪರಿಚಯ, ಪೊಟ್ಟಣದಲ್ಲಿ ಬರುವ ಸೈನಿಕರ ಊಟ, ಹೀಗೆ ದಿನ ಸಾಗುತ್ತದೆ. ನಗು, ಫೋಟೊ, ಕೂಗಾಟ ಎಲ್ಲ ಇರುತ್ತದೆ. ಸಂಜೆಗೆ ಮೈ ನೋಯುತ್ತಿರುತ್ತದೆ.

ಇದನ್ನು ಮೋಜು ಎಂದು ತಳ್ಳಿಹಾಕುವವರಿದ್ದಾರೆ. ಮೋಜಿನ ಅಂಶ ಇದೆ, ನಿಜ. ಆದರೆ ಒಂದು ಮಾತು ಯೋಚಿಸಿ. 1989ರಲ್ಲಿ ದೂರದರ್ಶನದಲ್ಲಿ ಬಂದ ‘ಫೌಜಿ’ ಧಾರಾವಾಹಿಯ ಮೂಲಕ ಇಡೀ ದೇಶ ಸೈನಿಕ ತರಬೇತಿಯನ್ನು ಮನೆಯಲ್ಲಿ ಕುಳಿತು ನೋಡಿತು. ಕಾರ್ಯಕ್ರಮ ತಯಾರಿಸುವವನಾಗಿ ನನಗೆ ಚೆನ್ನಾಗಿ ಗೊತ್ತಿರುವ ಸಂಗತಿ ಎಂದರೆ, ಕ್ಯಾಮೆರಾ ಓಟವನ್ನು ತೋರಿಸಬಲ್ಲದು, ಓಡಿದವನ ಎದೆಯ ಉರಿಯನ್ನು ತೋರಿಸಲಾರದು. ಹೊರೆಯನ್ನು ತೋರಿಸಬಲ್ಲದು, ಅದರ ತೂಕವನ್ನು ನೋಡುವವರ ಹೆಗಲಿಗೆ ದಾಟಿಸಲಾರದು. ಅದಕ್ಕೆ ಹೆಗಲೇ ಬೇಕು.

ನಮ್ಮಲ್ಲಿ ಏನಿದೆ?

ನಮ್ಮ ದೇಶದಲ್ಲಿ ಸೈನಿಕನ ಮನೆಯವರು ಸೈನ್ಯದ ಅಂಗಳಕ್ಕೆ ಕಾಲಿಡುವ ದೊಡ್ಡ ದಿನ ‘ಕಸಂ ಪರೇಡ್’, ಅಂದರೆ ತರಬೇತಿ ಮುಗಿಸಿದ ಯುವಕರು ಪ್ರತಿಜ್ಞೆ ಸ್ವೀಕರಿಸುವ ದಿನ. ಗದಗಿನವರಿಗೆ ಸಮೀಪದ ದೊಡ್ಡ ತರಬೇತಿ ಕೇಂದ್ರ ಬೆಳಗಾವಿಯಲ್ಲಿದೆ. ಅದು 1768ರಷ್ಟು ಹಿಂದಿನ ಮೂಲವುಳ್ಳ ಮರಾಠಾ ಲಘು ಪದಾತಿ ರೆಜಿಮೆಂಟಿನ ಕೇಂದ್ರ. ಪರೇಡಿನ ದಿನ ತಾಯಿ ತಂದೆ ಶಾಮಿಯಾನದ ಕೆಳಗೆ ಕುಳಿತು ಮಗನನ್ನು ದೂರದಿಂದ ಗುರುತಿಸಲು ನೋಡುತ್ತಾರೆ. ಎಲ್ಲರದೂ ಒಂದೇ ಉಡುಪು, ಒಂದೇ ಹೆಜ್ಜೆ, ಒಂದೇ ಕ್ಷೌರ. ಅಲ್ಲಿ ಅವರಿಗೆ ಕಾಣುವುದು ತಿಂಗಳುಗಟ್ಟಲೆ ನಡೆದ ದುಡಿಮೆಯ ಕೊನೆಯ ಒಂದು ಗಂಟೆ.

ಸೈನಿಕರ ಮಡದಿಯರಿಗಾಗಿ 1966ರಿಂದ ಒಂದು ಸಂಸ್ಥೆ ಇದೆ; ‘ಆರ್ಮಿ ವೈವ್ಸ್ ವೆಲ್‌ಫೇರ್ ಅಸೋಸಿಯೇಷನ್’ ಎಂಬುದು ಅದರ ಮೊದಲಿನ ಹೆಸರು. ‘ಆವಾ’ ಎಂಬುದು ಅದರ ಬಳಕೆಯ ಹೆಸರು. ಅದರ ಕೆಲಸ ಕುಟುಂಬಗಳ ಯೋಗಕ್ಷೇಮ.

ಇನ್ನು ಹೆಣ್ಣುಮಕ್ಕಳೇ ಸಿಪಾಯಿಗಳಾಗುವ ಮಾತು. ಸೇನಾ ವೈದ್ಯಕೀಯ ಮತ್ತು ನರ್ಸಿಂಗ್ ವಿಭಾಗಗಳನ್ನು ಬಿಟ್ಟರೆ, 1992ರಿಂದ ಮಹಿಳೆಯರು ಭೂಸೈನ್ಯದಲ್ಲಿ ಅಧಿಕಾರಿಗಳಾಗಿ ಸೇರತೊಡಗಿದರು. ಸಿಪಾಯಿ ದರ್ಜೆಯ ಬಾಗಿಲು ತೆರೆದದ್ದು ನಮ್ಮ ಬೆಂಗಳೂರಿನಲ್ಲಿ. ಅಲ್ಲಿನ ಸೇನಾ ಪೊಲೀಸ್ ತರಬೇತಿ ಕೇಂದ್ರದಲ್ಲಿ ಮೊದಲ ತಂಡದ 83 ಯುವತಿಯರು 2021ರ ಮೇ 8ರಂದು ಪ್ರತಿಜ್ಞೆ ಸ್ವೀಕರಿಸಿದರು. ಅವರ ತರಬೇತಿಯ ಅವಧಿ 61 ವಾರ. ಕವಾಯತು, ಪೊಲೀಸ್ ಕೆಲಸ, ವಾಹನ ಚಾಲನೆ ಮತ್ತು ದುರಸ್ತಿ, ಸಂಪರ್ಕ ವ್ಯವಸ್ಥೆ ಎಲ್ಲವನ್ನೂ ಅವರು ಕಲಿತರು. ಪುಣೆ ಹತ್ತಿರದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ ಮೊದಲ ತಂಡದ 17 ಯುವತಿಯರು 2025ರ ಮೇ 30ರಂದು ಹೊರಬಂದರು. 61 ವಾರ ಎಂಬ ಈ ಸಂಖ್ಯೆಯನ್ನು ನೆನಪಿಡಿ. ಒಂದು ದಿನ ಎಂದರೆ ಎಷ್ಟು ಸಣ್ಣ ಅಳತೆ ಎಂಬುದಕ್ಕೆ ಅದು ಸಾಕ್ಷಿ.

ಕಾಲೇಜು ಮೈದಾನದಲ್ಲಿ ಒಂದು ದಿನ

ಈಗ ಒಂದು ಕಲ್ಪನೆ ಮಾಡೋಣ. ಗದಗ-ಬೆಟಗೇರಿಯ ಯಾವುದೋ ಕಾಲೇಜಿನ ಮೈದಾನ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ತಾಲೂಕುಗಳಿಂದ ಸೈನಿಕರ ಮಡದಿಯರು, ತಾಯಂದಿರು, ತಂಗಿಯರು ಬಸ್ಸಿನಲ್ಲಿ ಬಂದು ಇಳಿದಿದ್ದಾರೆ. ತಂಗಿಯರನ್ನು ಸೇರಿಸಿದ್ದಕ್ಕೆ ಕಾರಣವಿದೆ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷದ ಸೇವಾವಧಿ ಮುಗಿಯುವ ತನಕ ಅಗ್ನಿವೀರರು ಮದುವೆಯಾಗುವಂತಿಲ್ಲ. ಇಂದು ಹೊಸದಾಗಿ ಸೇರಿದ ಯುವಕನಿಗೆ ‘ಮನೆಯವರು’ ಎಂದರೆ ತಾಯಿ ತಂದೆ, ಅಕ್ಕ ತಂಗಿಯರು, ತಮ್ಮಂದಿರು. ಅಂದರೆ ನೀವೇ.

ಬೆಳಿಗ್ಗೆ ಆರು ಗಂಟೆ. ಮೊದಲಿಗೆ ಓಟ. ಸೇನಾ ಭರ್ತಿಯ ರ್ಯಾಲಿಯಲ್ಲಿ ಯುವಕರು 1.6 ಕಿಲೋಮೀಟರ್ ಓಡಬೇಕು. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರಿಗೆ ಪೂರ್ಣ ಅಂಕ. ಲೆಕ್ಕ ಹಾಕಿ ನೋಡಿ. 1600 ಮೀಟರನ್ನು 330 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 4.85 ಮೀಟರ್, ಗಂಟೆಗೆ ಸುಮಾರು ಹದಿನೇಳೂವರೆ ಕಿಲೋಮೀಟರ್. ಸೈಕಲ್ ತುಳಿಯುವವನು ಆರಾಮಾಗಿ ಹೋಗುವ ವೇಗಕ್ಕಿಂತ ಇದು ಹೆಚ್ಚು. ನಮ್ಮ ಮೈದಾನದಲ್ಲಿ ಯಾರಿಗೂ ಅಷ್ಟು ಅವಸರವಿಲ್ಲ. ಒಂದು ಸುತ್ತು, 400 ಮೀಟರ್, ಸಾಕು. ಅಷ್ಟಕ್ಕೇ ನಾಡಿ ಹಿಡಿದು ನೋಡಿದರೆ ನಿಮಿಷಕ್ಕೆ ಎಪ್ಪತ್ತು ಎಂಬತ್ತು ಇದ್ದ ಬಡಿತ ನೂರೈವತ್ತನ್ನು ಮುಟ್ಟಿರುತ್ತದೆ. ಆಗ ಒಬ್ಬ ತಾಯಿಗೆ ಹೊಳೆಯಬಹುದು: ‘ನಸುಕಿನ್ಯಾಗ ಎದ್ದು ಹೊಲದ ದಾರಿ ಮ್ಯಾಲೆ ದಿನಾ ಓಡತಿದ್ದ. ನಾನು ಬೈತಿದ್ದೆ, ನಿದ್ದಿ ಕೆಡಸ್ತಾನಂತ.’

ಏಳು ಗಂಟೆಗೆ ಕವಾಯತು. ‘ಸಾವಧಾನ್’, ‘ವಿಶ್ರಾಮ್’, ಆಮೇಲೆ ‘ಆರಾಮ್ ಸೇ’. ಫೋನಿನಲ್ಲಿ ದಿನವೂ ಕೇಳುವ ‘ಆರಾಮ’ ಎಂಬ ಮಾತು ಇಲ್ಲಿ ಒಂದು ಆಜ್ಞೆ. ಅದು ಸಿಗುವ ತನಕ ಮೂಗಿನ ಮೇಲೆ ನೊಣ ಕುಳಿತರೂ ಅಲುಗಾಡುವಂತಿಲ್ಲ. ನಡೆಯುವಾಗ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಗೆ 30 ಅಂಗುಲ. ಗಂಟೆಗೆ ಸುಮಾರು ಐದೂವರೆ ಕಿಲೋಮೀಟರ್ ಆಯಿತು. ಇಷ್ಟು ಕಟ್ಟುನಿಟ್ಟು ಯಾಕೆ ಎಂದು ನೀವು ಕೇಳಬಹುದು. ಹಳೆಯ ಕಾಲದ ಯುದ್ಧಗಳಲ್ಲಿ ಸಾಲು ಮುರಿಯದೆ ಮುನ್ನಡೆಯುವುದೇ ಬದುಕುಳಿಯುವ ದಾರಿಯಾಗಿತ್ತು. ಇಂದು ಅದರ ಉಪಯೋಗ ಬೇರೆ: ಹೇಳಿದ ಮಾತು ಕಿವಿಗೆ ಬಿದ್ದೊಡನೆ ಮೈ ಅದನ್ನು ಪಾಲಿಸುವ ಅಭ್ಯಾಸ.

ಒಂದೇ ಹೆಜ್ಜೆಯ ಬಲ ಎಷ್ಟೆಂಬುದಕ್ಕೆ ಭೌತಶಾಸ್ತ್ರದ ಪುಸ್ತಕಗಳು ಒಂದು ಘಟನೆ ಹೇಳುತ್ತವೆ. 1831ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಬ್ರೌಟನ್ ತೂಗುಸೇತುವೆ ಸೈನಿಕರು ಹೆಜ್ಜೆ ಹಾಕಿ ದಾಟುವಾಗ ಕುಸಿಯಿತು. ಅವರ ಹೆಜ್ಜೆಯ ಲಯವೂ ಸೇತುವೆಯ ಸಹಜ ಕಂಪನವೂ ಕೂಡಿಕೊಂಡವು. ಇದಕ್ಕೆ ಅನುರಣನ ಎಂದು ಹೆಸರು. ಆ ಮೇಲೆ ಸೇತುವೆ ದಾಟುವಾಗ ಹೆಜ್ಜೆ ಮುರಿದು ನಡೆಯುವುದು ಸೈನ್ಯದಲ್ಲಿ ನಿಯಮವಾಯಿತು.

ಒಂಬತ್ತು ಗಂಟೆಗೆ ಹೊರೆ. ಬೆನ್ನಿಗೆ 15 ಕಿಲೋ ತೂಕದ ಚೀಲ ಕಟ್ಟಿಕೊಂಡು ಗುಡ್ಡ ಏರುವುದು. ಗದಗ, ಮುಂಡರಗಿ, ಶಿರಹಟ್ಟಿ ಮೂರು ತಾಲೂಕುಗಳಿಗೂ ಹಬ್ಬಿಕೊಂಡ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಆದ್ದರಿಂದ ಅಲ್ಲಿ ತಂಡ ಕಟ್ಟಿಕೊಂಡು ಹೋಗುವುದು ಬೇಡ. ಕಾಗದದ ಮೇಲೆ ಏರೋಣ. 55 ಕಿಲೋ ತೂಕದ ಹೆಣ್ಣುಮಗಳು 15 ಕಿಲೋ ಹೊರೆಯೊಂದಿಗೆ 200 ಮೀಟರ್ ಎತ್ತರ ಏರಿದರೆ ಮಾಡಿದ ಕೆಲಸ 70 × 9.8 × 200, ಅಂದರೆ ಸುಮಾರು 137 ಕಿಲೋಜೂಲ್. ನಮ್ಮ ಸ್ನಾಯುಗಳು ಇಂಧನದ ಕಾಲುಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸುತ್ತವೆ. ಉಳಿದದ್ದು ಶಾಖ. ಹಾಗಾಗಿ ನಿಜವಾದ ಖರ್ಚು ಸುಮಾರು 550 ಕಿಲೋಜೂಲ್, ಎಂದರೆ 130 ಕಿಲೋಕ್ಯಾಲರಿ. ಐವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಇದಕ್ಕಿಂತ ಹೆಚ್ಚು ಶಕ್ತಿ ಇದೆ.

ಇಷ್ಟೇನಾ ಎಂದು ಆಶ್ಚರ್ಯಪಡಬೇಡಿ. ದಣಿವು ಬರುವುದು ಕ್ಯಾಲರಿಯ ಲೆಕ್ಕದಿಂದ ಮಾತ್ರವಲ್ಲ. ಆ ಕೆಲಸವನ್ನು ಎಷ್ಟು ಬೇಗ ಮಾಡಬೇಕು, ಹೊರೆಯ ಪಟ್ಟಿ ಹೆಗಲನ್ನು ಎಷ್ಟು ಕೊರೆಯುತ್ತದೆ, ಹುಟ್ಟಿದ ಶಾಖ ಬೆವರಾಗಿ ಹೊರಹೋಗಲು ಗಾಳಿ ಇದೆಯೋ ಇಲ್ಲವೋ ಎಂಬುದೆಲ್ಲ ಸೇರುತ್ತದೆ. ಏಪ್ರಿಲ್ ತಿಂಗಳ ಮುಂಡರಗಿಯ ಬಿಸಿಲಿನಲ್ಲಿ ಅದೇ ಏರು ಬೇರೆಯೇ ಆಗುತ್ತದೆ.

ಇಲ್ಲಿ ನಮ್ಮ ಹೆಣ್ಣುಮಕ್ಕಳು ತರಬೇತುದಾರರನ್ನೇ ಬೆರಗುಗೊಳಿಸುವ ಸಾಧ್ಯತೆ ಇದೆ. ಗದಗ-ಬೆಟಗೇರಿಯ ಮನೆಗಳಲ್ಲಿ ನೀರಿನ ಕೊರತೆಯ ದಿನಗಳನ್ನು ಕಾಣದವರು ಕಡಿಮೆ. ಹದಿನೈದು ಲೀಟರಿನ ಕೊಡ ಎಂದರೆ ಹದಿನೈದು ಕಿಲೋ ನೀರು, ಅದರ ಮೇಲೆ ಕೊಡದ ತೂಕ. ತಲೆಯ ಮೇಲೆ ಹೊರೆ ಹೊರುವ ಕೀನ್ಯಾ ದೇಶದ ಮಹಿಳೆಯರನ್ನು ಪರೀಕ್ಷಿಸಿದ ವಿಜ್ಞಾನಿಗಳು 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಸೋಜಿಗ ಪ್ರಕಟಿಸಿದರು. ತಮ್ಮ ಮೈತೂಕದ ಶೇಕಡ 20ರಷ್ಟು ಹೊರೆಯನ್ನು ಹೊತ್ತಾಗಲೂ ಆ ಮಹಿಳೆಯರು ಬರಿಗೈಯಲ್ಲಿ ನಡೆಯುವುದಕ್ಕಿಂತ ಹೆಚ್ಚು ಶಕ್ತಿ ಖರ್ಚು ಮಾಡುತ್ತಿರಲಿಲ್ಲ. ಚಿಕ್ಕಂದಿನಿಂದ ರೂಢಿಯಾದ ಅವರ ನಡಿಗೆ ಗಡಿಯಾರದ ಲೋಲಕದಂತೆ ಶಕ್ತಿಯನ್ನು ಉಳಿಸಿಕೊಂಡು ಸಾಗುತ್ತದೆ ಎಂದು ಮುಂದಿನ ಅಧ್ಯಯನಗಳು ವಿವರಿಸಿದವು. ಸೈನ್ಯ ಕಲಿಸುವ ಎಲ್ಲವೂ ಮನೆಯವರಿಗೆ ಹೊಸದಲ್ಲ ಎಂಬುದಕ್ಕೆ ಇದು ಒಂದು ಉದಾಹರಣೆ.

ಹನ್ನೊಂದು ಗಂಟೆಗೆ ಬಂದೂಕಿನ ಪರಿಚಯ. ಕಾಲೇಜು ಮೈದಾನದಲ್ಲಿ ಗುಂಡು ಹಾರಿಸುವುದಿಲ್ಲ, ಹಿಡಿಯುವ ರೀತಿ ಮಾತ್ರ. ನಮ್ಮ ಸೈನ್ಯದಲ್ಲಿ ಬಹುಕಾಲ ಬಳಕೆಯಲ್ಲಿರುವ ಇನ್ಸಾಸ್ ರೈಫಲ್ ಸುಮಾರು 4 ಕಿಲೋ ತೂಗುತ್ತದೆ. ಎರಡು ಕೈಯಿಂದ ಹೆಗಲ ಮಟ್ಟಕ್ಕೆ ಎತ್ತಿ ಎರಡು ನಿಮಿಷ ಅಲುಗದಂತೆ ಹಿಡಿಯಿರಿ, ಕೈ ನಡುಗತೊಡಗುತ್ತದೆ. ಹಿಡಿಯನ್ನು ಹೆಗಲಿಗೆ ಗಟ್ಟಿಯಾಗಿ ಒತ್ತಿಕೊಳ್ಳಲು ಯಾಕೆ ಹೇಳುತ್ತಾರೆ? ಸ್ಥೂಲವಾಗಿ ಲೆಕ್ಕ ಹಾಕೋಣ. ಗುಂಡಿನ ತೂಕ ಸುಮಾರು 4 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 900 ಮೀಟರ್. ನ್ಯೂಟನ್ನನ ಮೂರನೆಯ ನಿಯಮದ ಪ್ರಕಾರ ಗುಂಡಿನ ಸಂವೇಗದಷ್ಟೇ ಸಂವೇಗ ಬಂದೂಕಿಗೂ ಹಿಂದಕ್ಕೆ ಸಿಗುತ್ತದೆ. 4 ಕಿಲೋ ಬಂದೂಕು ಸೆಕೆಂಡಿಗೆ 0.9 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಹೆಗಲಿಗೂ ಹಿಡಿಗೂ ನಡುವೆ ಸಂದು ಬಿಟ್ಟರೆ ಆ ವೇಗ ಪೆಟ್ಟಾಗಿ ಬೀಳುತ್ತದೆ. ಒತ್ತಿ ಹಿಡಿದರೆ ಬಂದೂಕಿನ ತೂಕಕ್ಕೆ ನಿಮ್ಮ ಮೈತೂಕವೂ ಕೂಡಿ, ಪೆಟ್ಟು ತಳ್ಳಾಟವಾಗಿ ಇಳಿಯುತ್ತದೆ. ಪಾಠದ ಪುಸ್ತಕದಲ್ಲಿ ಪ್ರತಿವರ್ಷ ಓದುವ ನಿಯಮ ಒಬ್ಬ ಸಿಪಾಯಿಯ ಹೆಗಲನ್ನು ಕಾಯುತ್ತದೆ.

ಮಧ್ಯಾಹ್ನದ ಊಟದ ಮೇಲೆ ಪಹರೆ. ನೋಡುವುದಕ್ಕೆ ಎಲ್ಲಕ್ಕಿಂತ ಸುಲಭ, ಮಾಡುವುದಕ್ಕೆ ಬಹುಶಃ ಎಲ್ಲಕ್ಕಿಂತ ಕಠಿಣ. ಒಂದು ಗಂಟೆ ನಿಂತಲ್ಲೇ ನಿಂತು ಎದುರಿನ ಬಯಲನ್ನು ನೋಡುವುದು. ಅಲುಗದೆ ನಿಂತಾಗ ರಕ್ತ ಕಾಲುಗಳಲ್ಲಿ ಇಳಿದು ನಿಲ್ಲುತ್ತದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಅದನ್ನು ಮೇಲಕ್ಕೆ ಒತ್ತುತ್ತವೆ, ನಿಂತಾಗ ಆ ಕೆಲಸ ನಿಲ್ಲುತ್ತದೆ. ಮಿದುಳಿಗೆ ರಕ್ತ ಕಡಿಮೆಯಾಗಿ ಕಣ್ಣು ಕತ್ತಲೆ ಬರುತ್ತದೆ. ಆಗಸ್ಟ್ 15ರ ಧ್ವಜಾರೋಹಣದಲ್ಲಿ ಹುಡುಗರು ತಲೆತಿರುಗಿ ಬೀಳುವುದು ಇದೇ ಕಾರಣಕ್ಕೆ. ಬೂಟಿನೊಳಗೆ ಬೆರಳುಗಳನ್ನು ಆಡಿಸುತ್ತ ಮೀನಖಂಡವನ್ನು ಬಿಗಿದು ಸಡಿಲಿಸಿದರೆ ಅನುಕೂಲ. ಮೈಗಿಂತ ಹೆಚ್ಚಾಗಿ ದಣಿಯುವುದು ಮನಸ್ಸು. ಏನೂ ನಡೆಯದ ಬಯಲಿನಲ್ಲಿ ಏನೋ ನಡೆಯಬಹುದೆಂದು ಕಾಯುತ್ತಲೇ ಇರಬೇಕು.

ಒಂದು ದಿನಕ್ಕೆ ಸಿಗದ ಪಾಠ

ಸಂಜೆ ಐದಕ್ಕೆ ಸೀಟಿ ಊದುತ್ತದೆ. ಎಲ್ಲರೂ ಚಹಾ ಕುಡಿದು ಊರಿಗೆ ಹೊರಡುತ್ತಾರೆ. ಈ ದಿನದ ಅತಿ ದೊಡ್ಡ ಸುಳ್ಳು ಇದೇ. ಸೈನಿಕನಿಗೆ ಐದು ಗಂಟೆಯ ಸೀಟಿ ಇಲ್ಲ. ಹೊರೆ ಇಳಿಸಿ ಮನೆಗೆ ಹೋಗುವ ಆಯ್ಕೆ ಇಲ್ಲ.

ನಿಮ್ಮ ನೆರೆಯ ಊರಿನದೇ ಸಂಗತಿ ಹೇಳುತ್ತೇನೆ. ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನವರು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್ ಪ್ರದೇಶದಲ್ಲಿ ಸುಮಾರು 19,600 ಅಡಿ ಎತ್ತರದ ಕಾವಲು ನೆಲೆಯ ಮೇಲೆ ಹಿಮ ಕುಸಿಯಿತು. ಮದ್ರಾಸ್ ರೆಜಿಮೆಂಟಿನ ಹತ್ತು ಜನ ಅದರಡಿ ಸಿಲುಕಿದರು. ಫೆಬ್ರುವರಿ 8ರಂದು ಹನುಮಂತಪ್ಪ ಒಬ್ಬರೇ ಜೀವಂತವಾಗಿ ಸಿಕ್ಕರು. ಇಡೀ ದೇಶ ಉಸಿರು ಬಿಗಿಹಿಡಿದು ಕಾಯಿತು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ. ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಬೂಟು ಕಟ್ಟಿಕೊಳ್ಳುವುದೂ ಅಲ್ಲಿ ಏದುಸಿರಿನ ಕೆಲಸ. ಅಂಥ ಜಾಗದಲ್ಲಿ ಇರುವವನು ‘ಆರಾಮ ಅದೀನಿ’ ಎಂದು ಹೇಳುತ್ತಾನೆ. ಇದನ್ನು ಯಾವ ಮೈದಾನವೂ ಕಲಿಸಲಾರದು.

ಒಂದು ದಿನದ ರುಚಿ ಸಾಲದೆಂದು ಪೂರ್ತಿ ತರಬೇತಿಯನ್ನೇ ಪಡೆದ ಮಡದಿಯರೂ ನಮ್ಮ ದೇಶದಲ್ಲಿದ್ದಾರೆ. ಕರ್ನಲ್ ಸಂತೋಷ್ ಮಹಾಡಿಕ್ 2015ರ ನವೆಂಬರ್‌ನಲ್ಲಿ ಕಾಶ್ಮೀರದ ಕುಪ್ವಾರದಲ್ಲಿ ಉಗ್ರರೊಡನೆ ಹೋರಾಡುತ್ತ ಮಡಿದರು. ಎರಡು ಮಕ್ಕಳ ತಾಯಿಯಾಗಿದ್ದ ಅವರ ಪತ್ನಿ ಸ್ವಾತಿ ಮಹಾಡಿಕ್ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿ ಸೇರಿ, ಸುಮಾರು ಹನ್ನೊಂದು ತಿಂಗಳ ತರಬೇತಿ ಮುಗಿಸಿ, 2017ರ ಸೆಪ್ಟೆಂಬರ್‌ನಲ್ಲಿ ಲೆಫ್ಟಿನೆಂಟ್ ಆದರು. ವಯಸ್ಸಿನ ಮಿತಿಯಲ್ಲಿ ಅವರಿಗೆ ವಿನಾಯಿತಿ ಸಿಕ್ಕಿತ್ತು, ಓಟದಲ್ಲಿ ಹೊರೆಯಲ್ಲಿ ವಿನಾಯಿತಿ ಇರಲಿಲ್ಲ. 2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ಮಡಿದ ನಾಯಕ್ ದೀಪಕ್ ಸಿಂಗ್ ಅವರ ಪತ್ನಿ ರೇಖಾ ಸಿಂಗ್ ಶಿಕ್ಷಕಿಯಾಗಿದ್ದವರು. ಅವರೂ ಅದೇ ಅಕಾಡೆಮಿಯಿಂದ 2023ರ ಏಪ್ರಿಲ್‌ನಲ್ಲಿ ಅಧಿಕಾರಿಯಾಗಿ ಹೊರಬಂದರು. ಎಲ್ಲರೂ ಹೀಗೆ ಮಾಡಬೇಕೆಂದು ನಾನು ಹೇಳುತ್ತಿಲ್ಲ. ದುಃಖದಲ್ಲಿರುವವರಿಗೆ ಧೈರ್ಯದ ಒಂದೇ ಅಚ್ಚು ಹಾಕಿಕೊಡಲು ನಾವು ಯಾರು?

ತಿರುವು ಹಾಕಿ ನೋಡಿ

ಈ ಪ್ರಯೋಗಕ್ಕೆ ಇನ್ನೊಂದು ಮುಖ ಇರಬೇಕಿತ್ತು. ಮಡದಿ ಒಂದು ದಿನ ಸಿಪಾಯಿಯಾಗುವಂತೆ, ಸಿಪಾಯಿ ಒಂದು ದಿನ ಮಡದಿಯಾಗಿ ನೋಡಬೇಕು.

ಶಿರಹಟ್ಟಿ ತಾಲೂಕಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಜೂನ್ ತಿಂಗಳು. ಒಂದು ಮಳೆ ಬಿದ್ದಿದೆ. ಹೆಸರು ಬಿತ್ತಬೇಕೋ, ಇನ್ನೊಂದು ಮಳೆಗೆ ಕಾಯಬೇಕೋ? ಬೀಜ ಕೆಟ್ಟರೆ ಎರಡನೆಯ ಸಲ ತರಲು ರೊಕ್ಕವಿಲ್ಲ. ಅತ್ತೆಯ ರಕ್ತದೊತ್ತಡದ ಗುಳಿಗೆ ಮುಗಿದಿದೆ. ಮಗನ ಶಾಲೆಯಲ್ಲಿ ಜಾತಿ ಪ್ರಮಾಣಪತ್ರ ಕೇಳಿದ್ದಾರೆ. ಕೂಲಿಯವರಿಗೆ ಬುತ್ತಿ ಕಟ್ಟಬೇಕು. ಎರಡು ವಾರದಿಂದ ಫೋನು ಬಂದಿಲ್ಲ. ನೆಟ್‌ವರ್ಕ್ ಇಲ್ಲದ ಜಾಗಕ್ಕೆ ಹೋಗಿರಬಹುದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಈ ಎಲ್ಲ ನಿರ್ಧಾರಗಳೂ ಅವಳವೇ. ಸಿಪಾಯಿಗೆ ತಿಂಗಳುಗಟ್ಟಲೆ ತರಬೇತಿ, ಮೇಲೊಬ್ಬ ಹವಾಲ್ದಾರ, ಅಕ್ಕಪಕ್ಕದಲ್ಲಿ ಜೊತೆಗಾರರು. ಇವಳಿಗೆ ಒಂದು ದಿನದ ತರಬೇತಿಯೂ ಇಲ್ಲ. ಮದುವೆಯಾದ ತಿಂಗಳಿಗೇ ರಜೆ ಮುಗಿದು, ಗದಗ ನಿಲ್ದಾಣದಲ್ಲಿ ಅವನನ್ನು ರೈಲು ಹತ್ತಿಸಿ ಬಂದ ದಿನವೇ ಅವಳ ಸೇವೆ ಆರಂಭ.

ನಾನು ಕಂಡಂತೆ, ಈ ಸೇವೆಯಲ್ಲಿ ಬಹಳ ತೊಂದರೆ ಕೊಡುವುದು ಕಾಗದಪತ್ರ. ಮದುವೆಯಾದ ಸಂಗತಿ ಸೈನಿಕನ ಸೇವಾ ದಾಖಲೆಯಲ್ಲಿ ಸೇರಬೇಕು. ಮಕ್ಕಳ ಜನನವೂ ಸೇರಬೇಕು. ನಾಮನಿರ್ದೇಶನದಲ್ಲಿ ಮಡದಿಯ ಹೆಸರು ಇರಬೇಕು. ಆ ಹೆಸರು ಆಧಾರ್‌ನಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ, ಸೇವಾ ದಾಖಲೆಯಲ್ಲಿ ಒಂದೇ ತೆರನಾಗಿ ಇರಬೇಕು. ನಮ್ಮ ಭಾಗದಲ್ಲಿ ತೊಡಕು ಇಲ್ಲೇ. ಮನೆಯಲ್ಲಿ ‘ನೀಲವ್ವ’, ಶಾಲೆಯ ದಾಖಲೆಯಲ್ಲಿ ‘ನೀಲಮ್ಮ’, ಗಂಡನ ಮನೆಯಲ್ಲಿ ಇಟ್ಟ ಹೆಸರು ಇನ್ನೊಂದು. ಒಂದು ಒತ್ತಕ್ಷರದ ವ್ಯತ್ಯಾಸಕ್ಕೆ ಪಿಂಚಣಿ ತಿಂಗಳುಗಟ್ಟಲೆ ನಿಲ್ಲಬಹುದು. ದುಃಖದ ಹೊತ್ತಿನಲ್ಲಿ ಕಚೇರಿಯ ಮೆಟ್ಟಿಲು ಹತ್ತಿಳಿಯುವ ಹೆಣ್ಣುಮಗಳಿಗೆ ಆ ಒತ್ತಕ್ಷರ ಹದಿನೈದು ಕಿಲೋ ಹೊರೆಗಿಂತ ಭಾರ. ಒಂದು ದಿನದ ತರಬೇತಿಯನ್ನು ನಮ್ಮ ಊರುಗಳಲ್ಲಿ ಯಾರಾದರೂ ಏರ್ಪಡಿಸುವುದಾದರೆ, ಬೆಳಗಿನ ಹೊತ್ತು ಓಟ, ಕವಾಯತು ಇರಲಿ. ಮಧ್ಯಾಹ್ನ ಎಲ್ಲರೂ ತಮ್ಮ ಕಾಗದಗಳನ್ನು ತಂದು, ಸೈನಿಕ ಕಲ್ಯಾಣ ಕಚೇರಿಯವರ ಮುಂದೆ ಅಕ್ಷರ ಅಕ್ಷರ ಹೋಲಿಸಿ ನೋಡುವ ಪಾಠವೂ ಇರಲಿ.

ಕಲ್ಲಿನಲ್ಲಿ ಕೆತ್ತಿದ ಕೈ

ನಮ್ಮ ನಾಡು ಯುದ್ಧವನ್ನೂ ಹೆಣ್ಣನ್ನೂ ಜೊತೆಯಾಗಿ ನೆನೆದದ್ದು ಎರಡು ಬಗೆಯಲ್ಲಿ. ಊರೂರಿನಲ್ಲಿ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಅವನ ಮಡದಿಯ ನೆನಪಿಗೆ ಇರುವುದು ಮಾಸ್ತಿಕಲ್ಲು: ಒಂದು ಕಂಬ, ಅದರಿಂದ ಹೊರಚಾಚಿದ ಬಳೆ ತೊಟ್ಟ ಒಂದು ಕೈ. ಅವಳು ಸತ್ತಾಗ ಮಾತ್ರ ಕಲ್ಲು ನಿಂತಿತು. ಬದುಕಿ ಮಕ್ಕಳನ್ನು ಸಾಕಿದವಳಿಗೆ, ಹೊಲ ಉಳಿಸಿಕೊಂಡವಳಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ಇನ್ನೊಂದು ಬಗೆಯೂ ಇದೆ. ಕಲ್ಯಾಣದ ಚಾಲುಕ್ಯರ ಅಕ್ಕಾದೇವಿ ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ನಾಡನ್ನು ಆಳಿದಳು. ಗೋಕಾಗೆ, ಅಂದರೆ ಇಂದಿನ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ್ದನ್ನು 1047ರ ಶಾಸನ ಹೇಳುತ್ತದೆ. ನಮ್ಮ ಗದಗ ಜಿಲ್ಲೆಯ ಸೂಡಿಯಲ್ಲಿ ಅವಳ ಕಾಲದ ಶಾಸನವಿದೆ. 1824ರಲ್ಲಿ ಕಿತ್ತೂರು ಚೆನ್ನಮ್ಮ ಬ್ರಿಟಿಷರ ವಿರುದ್ಧ ನಿಂತದ್ದು ನಿಮಗೆ ಗೊತ್ತು. ಆ ಕಿತ್ತೂರಿನಲ್ಲೇ 1969ರಿಂದ ಬಾಲಕಿಯರ ವಸತಿಶಾಲೆಯೊಂದು ಸೈನಿಕ ಶಿಸ್ತಿನ ತರಬೇತಿ ನೀಡುತ್ತ ಬಂದಿದೆ. ಅಂದರೆ ಹೆಣ್ಣಿನ ಕೈಗೆ ಕತ್ತಿ ಕೊಡುವುದು ನಮಗೆ ಹೊಸತಲ್ಲ. ಬಳೆಯ ಕೈಯ ದಿನನಿತ್ಯದ ದುಡಿಮೆಯನ್ನು ಶೌರ್ಯದ ಲೆಕ್ಕಕ್ಕೆ ಹಿಡಿಯುವುದನ್ನು ಮಾತ್ರ ನಾವಿನ್ನೂ ಕಲಿಯಬೇಕಾಗಿದೆ.

ನೀವು ಮಾಡಬಹುದಾದದ್ದು

ವಿದ್ಯಾರ್ಥಿ ಮಿತ್ರರೇ, ಕೇಳಿ ಮರೆತುಬಿಡುವ ಬದಲು ಮೂರು ಸಣ್ಣ ಕೆಲಸ ಮಾಡಿ ನೋಡಿ.

ಮೊದಲನೆಯದು ಒಂದು ಪ್ರಯೋಗ. ಶಾಲೆಯ ಚೀಲದಲ್ಲಿ ನಿಮ್ಮ ಮೈತೂಕದ ಹತ್ತನೆಯ ಒಂದು ಭಾಗದಷ್ಟು ಪುಸ್ತಕ ತುಂಬಿ, ಹತ್ತು ನಿಮಿಷ ನಡೆಯಿರಿ. ನಡೆಯುವ ಮೊದಲು ಮತ್ತು ನಡೆದ ಮೇಲೆ ನಾಡಿಬಡಿತ ಎಣಿಸಿ ಬರೆದಿಡಿ. ಮರುದಿನ ಅದೇ ದಾರಿಯನ್ನು ಬರಿಗೈಯಲ್ಲಿ ನಡೆದು ಎಣಿಸಿ. ವ್ಯತ್ಯಾಸವೇ ಹೊರೆಯ ಭಾಷೆ. ಉಬ್ಬಸ ಇರುವವರು, ಹೃದಯದ ತೊಂದರೆ ಇರುವವರು ಮಾಡುವುದು ಬೇಡ, ಗೆಳೆಯರ ಬಡಿತ ಎಣಿಸಿಕೊಡಿ. ಇನ್ನೂ ಹೆಚ್ಚು ಬೇಕೆನ್ನುವವರಿಗೆ ಎನ್.ಸಿ.ಸಿ. ಇದೆ. 1948ರ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆಯಲ್ಲಿ ಹುಡುಗಿಯರ ವಿಭಾಗ 1949ರಿಂದ ಇದೆ.

ಎರಡನೆಯದು ಒಂದು ಸಹಾಯ. ನಿಮ್ಮ ಓಣಿಯಲ್ಲಿ ಮಿಲಿಟರಿಯವರ ಮನೆ ಇದ್ದರೆ, ಆ ಮನೆಯ ಅಕ್ಕನನ್ನೋ ಅತ್ತಿಯನ್ನೋ ಕೇಳಿ, ಅವರ ಒಪ್ಪಿಗೆ ಪಡೆದು, ಕಾಗದಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಓದಿ ಹೇಳಿ. ತಪ್ಪಿದ್ದರೆ ತಿದ್ದಿಸುವ ಕಾಲ ಇದೇ, ಎಲ್ಲರೂ ಕ್ಷೇಮವಾಗಿರುವ ಕಾಲ. ನಿಮಗೆ ಓದು ಬಂದದ್ದಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಕಡಿಮೆ.

ಮೂರನೆಯದು ಒಂದು ಪ್ರಶ್ನೆ. ರಜೆಯ ಮೇಲೆ ಊರಿಗೆ ಬಂದ ಸೈನಿಕನನ್ನು ಎಲ್ಲರೂ ಕೇಳುವುದು ‘ಎಷ್ಟು ಮಂದಿ ವೈರಿಗಳನ್ನ ಹೊಡದಿ?’ ಎಂದು. ನೀವು ಬೇರೆ ಕೇಳಿ. ‘ಅಣ್ಣಾ, ಅಲ್ಲಿ ಬೆಳಿಗ್ಗೆ ಎಷ್ಟಕ್ಕ ಏಳತೀರಿ? ಏನು ಉಣತೀರಿ? ರಾತ್ರಿ ಪಹರೆಗೆ ನಿಂತಾಗ ಏನು ನೆನಪಾಗತೈತಿ?’ ಅದೇ ದಿನ ಅವರ ಮನೆಯ ಹೆಣ್ಣುಮಗಳನ್ನೂ ಕೇಳಿ: ‘ಅಕ್ಕಾ, ಅಣ್ಣಾ ಇಲ್ಲದಾಗ ನಿಮಗ ಯಾವ ಕೆಲಸ ಭಾಳ ಕಠಿಣ ಆತು?’ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕುಳಿತಿರುವಾಗ ಕೇಳಿದರೆ ಇನ್ನೂ ಒಳ್ಳೆಯದು. ಒಬ್ಬರ ಉತ್ತರ ಇನ್ನೊಬ್ಬರ ಕಿವಿಗೆ ಬೀಳುತ್ತದೆ. ಇಷ್ಟು ದಿನ ‘ಆರಾಮ’ ಎಂದು ಇಬ್ಬರೂ ಮುಚ್ಚಿಟ್ಟ ಮಾತುಗಳಲ್ಲಿ ಒಂದೆರಡಾದರೂ ಹೊರಗೆ ಬರುತ್ತವೆ.